ಎಷ್ಟು ಕಾಲಿಗೆ ಸರಪಳಿ?

ಸರಪಳಿ ಹಾಕಿ ಎಂದು ಹೇಳಿದವರು ರಾವಸಾಹೇಬ ಸಾವಕಾರರು. ಹಾಕಿದವನು ಕೆಂಪವ್ವನ ಹೊಟ್ಟೆಯಲ್ಲಿ ಹುಟ್ಟಿದ ಮಗ ಭರಮು. ಹಾಕಿಸಿಕೊಂಡವಳು ಅವನ ಹೆಂಡತಿ ಶೇವಂತಾ. ಕುರುಬರ ಓಣಿಗೆ ಓಣಿಯೇ ನಿಂತು ನೋಡಿತು. ಕೆಂಪವ್ವ ಬಾಯಿ ಬಡಿದುಕೊಂಡಳು. ಮಗನ ರಟ್ಟೆ ಹಿಡಿದು ಎಳೆದಳು. ಇಬ್ಬರು ಗಂಡಸರು ಅವಳನ್ನೇ ಹಿಡಿದು ಆಚೆ ಕೂರಿಸಿದರು.

ಶೇವಂತಾ ಯಾರನ್ನೂ ಹೊಡೆದಿರಲಿಲ್ಲ. ಯಾರನ್ನೂ ಬೈದಿರಲಿಲ್ಲ. ಸೀರೆ ಹರಿದುಕೊಂಡು ಬೀದಿಯಲ್ಲಿ ಓಡಿರಲಿಲ್ಲ. ಹಾಗಾದರೆ ಏನು ಮಾಡಿದ್ದಳು? ಕೆಲಸ ಬಿಟ್ಟು ಓಡಿದ್ದಳು. ಅಷ್ಟೇ. ಬಡವರ ಹೆಂಗಸು ಕೆಲಸ ಬಿಟ್ಟು ಓಡಿದರೆ ಅದಕ್ಕಿಂತ ದೊಡ್ಡ ಹುಚ್ಚು ಇನ್ನೊಂದಿಲ್ಲ.

ಊರು ಮಂಗಸೂಳಿಯ ದಾರಿಯಲ್ಲಿದೆ. ಅಲ್ಲಿ ರಾವಸಾಹೇಬರದು ದೊಡ್ಡ ದ್ರಾಕ್ಷಿ ತೋಟ. ಇದು ತೊಂಬತ್ತೆರಡರ ಚಳಿಗಾಲದ ಮಾತು. ಕಾಯಿ ಜೋಳದ ಕಾಳಿನಷ್ಟಾಯಿತೆಂದರೆ ಗೊನೆಗೊನೆಯನ್ನೂ ಔಷಧದಲ್ಲಿ ಅದ್ದಬೇಕು. ಅದ್ದಿದರೆ ಕಾಯಿ ಉದ್ದವಾಗುತ್ತದೆ, ಮುಂಬಯಿ ಪೇಟೆಯಲ್ಲಿ ಎದ್ದು ಕಾಣುತ್ತದೆ. ಎರಡು ದಿನ ತಡವಾದರೆ ಕಾಯಿಯ ಹೊತ್ತು ಹೋಯಿತು, ಆಮೇಲೆ ಅದ್ದಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಈ ಕೆಲಸಕ್ಕೆ ಗಂಡಸರು ಬರುವುದಿಲ್ಲ. ಹೆಂಗಸರೇ ಬೇಕು. ಚಪ್ಪರದ ಕೆಳಗೆ ಕತ್ತು ಹಿಂದಕ್ಕೆ ಚೆಲ್ಲಿ, ಎರಡೂ ಕೈ ಮೇಲೆತ್ತಿ, ಔಷಧದ ಮಗ್ಗನ್ನು ಗೊನೆಯ ಕೆಳಗೆ ಹಿಡಿದು ಅದ್ದಬೇಕು, ಇಳಿಸಬೇಕು, ಮುಂದಿನ ಗೊನೆಗೆ ಎತ್ತಬೇಕು. ಔಷಧ ಮೊಣಕೈಯಿಂದ ಕಂಕುಳಿಗೆ, ಕಂಕುಳಿನಿಂದ ಸೊಂಟಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕುಪ್ಪಸ ಮೈಗೆ ಅಂಟಿ ಚರ್ಮ ಉರಿಯುತ್ತದೆ. ಅದೇ ಕೈಯಲ್ಲಿ ರೊಟ್ಟಿ ಮುರಿಯಬೇಕು. ತೋಟದ ನೀರಿನ ಹೌದಿನಲ್ಲಿ ಕೈ ತೊಳೆಯಲು ಹೋದರೆ, ನೀರು ಹೊಲಸಾಗುತ್ತದೆ ಎಂದು ಕೂಲಿಯವರ ಮೇಲಿನ ಮುಕಾದಮ ಗದರುತ್ತಾನೆ. ಮಂದಿಯ ಮೈ ಹೊಲಸಾದರೆ ಚಿಂತೆಯಿಲ್ಲ ನೋಡಿ.

ಅವತ್ತು ಬಿಸಿಲು ಏರಿತ್ತು. ಸಾಲಿನಲ್ಲಿ ಶೇವಂತಾ ಮುಂದೆ, ಕೆಂಪವ್ವ ನಡುವೆ, ಪಕ್ಕದ ಮನೆಯ ಲಕ್ಷ್ಮಿಬಾಯಿ ಹಿಂದೆ. ಇದ್ದಕ್ಕಿದ್ದಂತೆ ಶೇವಂತಾ ಕೈ ಇಳಿಸಿದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅತ್ತಿ, ಎದಿ ಒಡೀತೈತಿ. ಉಸರ ಬರವಲ್ದು. ನಾ ಸಾಯ್ತೇನಿ ಅತ್ತಿ."

"ಏನೂ ಆಗಂಗಿಲ್ಲ, ಕುಂದರ ಒಂಚೂರ."

ಅವಳಿಗೆ ಕೂರಲಾಗಲಿಲ್ಲ. ಚಪ್ಪರ ಮೈಮೇಲೆ ಇಳಿದು ಬರುತ್ತಿದೆ ಅನ್ನಿಸಿತೋ ಏನೋ, ಸಾಲು ಬಿಟ್ಟು ಬಯಲಿಗೆ ಓಡಿದಳು. ಓಡುವಾಗ ಔಷಧದ ಡ್ರಮ್ಮಿಗೆ ಕಾಲು ತಾಗಿತು. ಡ್ರಮ್ಮು ಉರುಳಿತು. ಔಷಧವನ್ನೆಲ್ಲ ಮಣ್ಣು ಕುಡಿಯಿತು.

ರಾವಸಾಹೇಬರು ಬಂದರು. ಬಂದವರು ಮೊದಲು ಡ್ರಮ್ಮನ್ನು ಎತ್ತಿ ನಿಲ್ಲಿಸಿ ಒಳಗೆ ಬಗ್ಗಿ ನೋಡಿದರು. ಆಮೇಲೆ ಬದುವಿನ ಮೇಲೆ ಬಿದ್ದು ನಡುಗುತ್ತಿದ್ದ ಹೆಂಗಸನ್ನು ನೋಡಿದರು.

"ಇದಕ ಹುಚ್ಚ ಹಿಡದೈತಿ," ಅಂದರು.

"ಹುಚ್ಚಲ್ರಿ ಸಾವಕಾರ್ರ," ಅಂದಳು ಕೆಂಪವ್ವ. "ಕಳವಳ ಐತ್ರಿ ಆಕಿಗೆ. ಭಾಳ ದಿನದಿಂದ ಐತಿ. ನಿದ್ದಿಲ್ಲ, ಕೂಳ ಸೇರಂಗಿಲ್ಲ."

"ಕಳವಳ?" ರಾವಸಾಹೇಬರು ನಕ್ಕರು. "ನಿಮ್ಮಂಥಾ ಮಂದಿಗೆ ಎಲ್ಲೀ ಕಳವಳ ಬೇ? ದುಡದು ಉಂಡು ಮಕ್ಕೊಳ್ಳೂ ಮಂದಿ ನೀವು. ಕಳವಳ ಅಂದ್ರ ಆಸ್ತಿ ಇದ್ದವರಿಗೆ."

ಆ ಮಾತು ಕೆಂಪವ್ವನಿಗೆ ಚುಚ್ಚಿತು. ಈ ಮೈಯಲ್ಲಿ ಕುರಿಯ ವಾಸನೆ ಇರಬಹುದು, ಔಷಧದ ವಾಸನೆ ಇರಬಹುದು, ಕಳವಳ ಮಾತ್ರ ಇರಕೂಡದಂತೆ! ಸೊಸೆಯನ್ನು ಎಬ್ಬಿಸಿ ರಟ್ಟೆ ಹಿಡಿದು ಮನೆಗೆ ಕರೆದುಕೊಂಡು ಬಂದಳು. ಮರುದಿನ ಮಂಗಳವಾರ ಬೆಳಿಗ್ಗೆ ಮಗನಿಗೂ ಹೇಳದೆ ಅಥಣಿಯ ಬಸ್ಸು ಹತ್ತಿಸಿದಳು.

ಶೇವಂತಾಗೆ ಏನಾಗಿತ್ತು ಎಂದು ಕೇಳಿದವರಿಗೆಲ್ಲ ಕೆಂಪವ್ವನ ಉತ್ತರ ಒಂದೇ: ಏನೂ ಆಗಿರಲಿಲ್ಲ. ಗಂಡ ಹೊಡೆಯುತ್ತಿರಲಿಲ್ಲ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಸದಲಗಾದಿಂದ ಸೊಸೆಯಾಗಿ ಬಂದ ಈ ಹುಡುಗಿ, ಸದಾ ವಟವಟ ಮಾತಾಡುವವಳು, ಮಾತು ಕಡಿಮೆ ಮಾಡಿದಳು. ಆಮೇಲೆ ನಿದ್ದೆ ಹೋಯಿತು. ಕುರಿ ಕೂಗಿದರೂ ಬೆಚ್ಚುತ್ತಿದ್ದಳು. ಒಲೆ ಮುಂದೆ ಕೂತು ಸುಮ್ಮನೆ ಅಳುತ್ತಿದ್ದಳು. ಯಾಕವ್ವ ಅಂದರೆ, "ನನಗೂ ತಿಳೀವಲ್ದು ಅತ್ತಿ," ಅನ್ನುತ್ತಿದ್ದಳು. ದೇವರ ಅರಿಶಿನ ಭಂಡಾರ ಹಚ್ಚಿದರು. ನಿಂಬೆಹಣ್ಣು ಇಳಿಸಿ ಒಗೆದರು. ಯಾವುದಕ್ಕೂ ಬಗ್ಗಲಿಲ್ಲ.

ಸರ್ಕಾರಿ ದವಾಖಾನೆಯಲ್ಲಿ ಮಂಗಳವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಒಬ್ಬಳಿದ್ದಳು. ಚಿಕ್ಕ ವಯಸ್ಸು. ಶೇವಂತಾಳ ಕೈ ಹಿಡಿದುಕೊಂಡೇ ಎಲ್ಲ ಕೇಳಿದಳು. ಔಷಧದಿಂದ ಸುಲಿದುಹೋದ ಆ ಕೈಯನ್ನು ಅಷ್ಟು ಹೊತ್ತು ಯಾರೂ ಹಿಡಿದುಕೊಂಡಿರಲಿಲ್ಲ.

"ಇದು ಹುಚ್ಚಲ್ಲ ಅಜ್ಜಿ," ಅಂದಳು ಡಾಕ್ಟರಮ್ಮ. "ಜ್ವರ ಬರೂದಿಲ್ಲ? ಹಂಗ ಇದೂ ಒಂದ ಬ್ಯಾನಿ. ವಾಸಿ ಆಗತೈತಿ. ಗುಳಿಗಿ ಒಂದ ದಿನಾನೂ ಬಿಡಬ್ಯಾಡ್ರಿ. ಮುಂದಿನ ಮಂಗಳವಾರ ತಪ್ಪದ ಕರಕೊಂಡ ಬರ್ರಿ, ನಾ ನೋಡಬೇಕು. ಆಕಿನ್ನ ಹೆದರಸಬ್ಯಾಡ್ರಿ, ಅಷ್ಟ."

"ಇದು ಇಕಿಗೊಬ್ಬಾಕಿಗೆ ಯಾಕ ಬಂತವ್ವ?"

ಡಾಕ್ಟರಮ್ಮ ನಕ್ಕಳು. "ಇಕಿಗೊಬ್ಬಾಕಿಗೆ ಅಂತ ಯಾರ ಹೇಳಿದ್ರು? ದೇಶದಾಗ ಅಲ್ಲಲ್ಲಿ ಎಣಿಸಿ ನೋಡ್ಯಾರ. ಹತ್ತು ಮಂದ್ಯಾಗ ಒಬ್ಬರಿಗೆ ಹಿಂಥಾದ್ದ ಇದ್ದ ಇರತೈತಿ. ಹೇಳಂಗಿಲ್ಲ ಯಾರೂ. ಹೊಟ್ಟಿ ನೋವು ಅಂತಾರ, ತಲಿ ನೋವು ಅಂತಾರ, ಗಾಳಿ ಸೋಂಕೇತಿ ಅಂತಾರ."

ಹತ್ತರಾಗ ಒಬ್ಬರು! ಬಸ್ಸಿನುದ್ದಕ್ಕೂ ಕೆಂಪವ್ವ ಅದನ್ನೇ ಮೆಲುಕು ಹಾಕಿದಳು. ಅವಳು ಕುರಿ ಎಣಿಸಿ ಬೆಳೆದವಳು. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಮಂದೆಯನ್ನು ಕಣ್ಣಲ್ಲೇ ಎಣಿಸುತ್ತಾಳೆ, ಕುಂಟುವುದು ಯಾವುದು, ಮೇಯದೆ ಬಂದದ್ದು ಯಾವುದು ಎಂದು ಹೇಳುತ್ತಾಳೆ. ನಮ್ಮ ಊರಲ್ಲಿ ಇಷ್ಟು ಮಂದಿ ಇದ್ದಾರೆ. ಹಾಗಾದರೆ ಉಳಿದವರು ಎಲ್ಲಿ? ಶೇವಂತಾ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. "ಅತ್ತಿ, ನಾ ಹುಚ್ಚಿ ಅಲ್ಲಂತ," ಅಂದಳು ಒಂದು ಸಲ. ಎಷ್ಟೋ ದಿನಗಳ ಮೇಲೆ ಆ ಬಾಯಲ್ಲಿ ಕೇಳಿದ ಒಳ್ಳೆಯ ಮಾತು ಅದು.

ಊರಲ್ಲಿ ಇಳಿದರೆ ಓಣಿಯೆಲ್ಲ ಅವರ ಮನೆ ಮುಂದಿತ್ತು. ರಾವಸಾಹೇಬರು ಹೇಳಿ ಕಳಿಸಿದ್ದರು: ಆ ಹುಚ್ಚಿಗೆ ಸರಪಳಿ ಬೀಳುವ ತನಕ ಕುರುಬರ ಓಣಿಯ ಒಂದು ಹೆಂಗಸೂ ತೋಟಕ್ಕೆ ಕಾಲಿಡಬಾರದು. ಅವರ ಬದುವಿನ ಮೇಲೆ ಒಂದು ಕುರಿಯೂ ಬಾಯಿ ಹಾಕಬಾರದು. ಹುಚ್ಚು ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆಯಂತೆ.

ಓಣಿಯ ಹಿರಿಯ ಲಗಮಪ್ಪ ಭರಮುವಿನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. "ಛಟ್ಟಿ ತನಕ ಅಷ್ಟ ಕೆಂಪಿ. ಹೊರಗಿನ ಸರಪಳಿ ಬ್ಯಾಡ, ದೇವರ ಲಂಗರನ ಹಾಕೂನು."

ಭರಮು ವಗ್ಗಯ್ಯ. ಅಂದರೆ ಮಲ್ಲಯ್ಯ ದೇವರಿಗೆ ಬಿಟ್ಟ ಮಗ, ಹೆಗಲಿಗೆ ಭಂಡಾರದ ಚೀಲ ಹಾಕುವವನು. ಅವರ ಮನೆಯ ಗೋಡೆಗೆ ತಲೆಮಾರಿನಿಂದ ಒಂದು ಕಬ್ಬಿಣದ ಸರಪಳಿ ತೂಗುತ್ತಿದೆ. ಅದೇ ಲಂಗರ. ಮಾರ್ಗಶಿರದ ಛಟ್ಟಿಯ ದಿನ "ಏಳಕೋಟಿ, ಏಳಕೋಟಿ" ಎಂದು ಕೂಗಿ ಭರಮು ಅದನ್ನು ಒಂದೇ ಜಗ್ಗಿಗೆ ಹರಿಯುತ್ತಾನೆ, ಮಂದಿ ಕೈ ಮುಗಿಯುತ್ತಾರೆ. ಹೆಂಗಸರು ಅದಕ್ಕೆ ಕೈ ಹಚ್ಚುವಂತಿಲ್ಲ. ಅದರ ಒಂದು ಕೊಂಡಿ ಸವೆದು ಬಾಯಿ ಬಿಟ್ಟಿದೆ, ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ, ಮಾರನೆಯ ದಿನ ಕಮ್ಮಾರ ತಟ್ಟಿ ಕೂಡಿಸುತ್ತಾನೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೈ ಮುಗಿಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಬಿಡಿ.

"ಬೇಡಕೊಂಡೀನಿ ಅವ್ವಾ," ಅಂದ ಭರಮು. ಅವನ ಕಣ್ಣು ತುಂಬಿದ್ದವು. "ಆಕಿ ಕಾಲಾಗಿಂದ ಮಲ್ಲಯ್ಯನ ಹರದ ಒಗೀತಾನ. ಲಂಗರ ಹರದ್ರ ಬ್ಯಾನೀನೂ ಹರೀತೈತಿ."

ಅವನು ಕೆಟ್ಟವನಲ್ಲ. ಹಾಗಾಗಿಯೇ ಕೆಂಪವ್ವನಿಗೆ ಇನ್ನಷ್ಟು ಸಿಟ್ಟು. ಕೆಟ್ಟವನಾಗಿದ್ದರೆ ಕೆರ ತಗೊಂಡು ಹೊಡೆಯಬಹುದಿತ್ತು.

ಶೇವಂತಾ ತಾನೇ ಕಾಲು ಮುಂದೆ ಮಾಡಿದಳು. "ಹಾಕ್ರಿ," ಅಂದಳು. "ನನ್ನ ಸಲುವಾಗಿ ಓಣಿ ಮಂದಿ ಉಪಾಸ ಬೀಳೂದು ಬ್ಯಾಡ."

ಹೀಗೆ ಹಾಕಿದರು. ಕುರಿ ದೊಡ್ಡಿಯ ಗೂಟಕ್ಕೆ ಒಂದು ತುದಿ, ಶೇವಂತಾಳ ಕಾಲಿಗೆ ಇನ್ನೊಂದು ತುದಿ. ಮರಿಗಳ ಹಿಕ್ಕೆಯ ಮೇಲೆ ಗೋಣಿ ಹಾಸಿದರು. ಬಯಲಕಡೆಗೆ ಹೋಗಬೇಕೆಂದರೆ ಅಲ್ಲೇ. ಕೆಂಪವ್ವ ಸೀರೆ ಅಡ್ಡ ಹಿಡಿಯುತ್ತಿದ್ದಳು. ಮಕ್ಕಳು ಗೋಡೆ ಹತ್ತಿ "ಹುಚ್ಚಿ, ಹುಚ್ಚಿ" ಎಂದು ಕೂಗುತ್ತಿದ್ದವು. ಕೆಂಪವ್ವ ಸೊಸೆಗೆ ಗುಳಿಗೆ ನುಂಗಿಸುತ್ತಿದ್ದಳು. ಶೇವಂತಾ ನುಂಗಿ, ಅತ್ತೆಯ ಮುಖ ನೋಡದೆ ಗೋಡೆಗೆ ತಿರುಗುತ್ತಿದ್ದಳು. ಬಸ್ಸಿನಲ್ಲಿ ಬಂದ ಆ ಒಂದು ಒಳ್ಳೆಯ ಮಾತೂ ಹೋಯಿತು. ಮಂಗಳವಾರ ಅವಳನ್ನು ಅಥಣಿಗೆ ಹೇಗಾದರೂ ಕರೆದೊಯ್ಯಬೇಕು ಎಂಬುದೊಂದೇ ಕೆಂಪವ್ವನ ತಲೆಯಲ್ಲಿ ಕೂತಿತು.

ಓಣಿಯ ಹೆಂಗಸರು ತೋಟಕ್ಕೆ ಹೋದರು. ಕೆಂಪವ್ವನೂ ಹೋದಳು. ಅದ್ದುವುದು ನೆಪ, ಹೋದದ್ದು ಎಣಿಸುವುದಕ್ಕೆ.

"ಲಕ್ಷ್ಮಿ, ನಿನಗ ನಿದ್ದಿ ಬರತೈತೇನ?" ಮಗ್ಗು ಎತ್ತುತ್ತಲೇ ಕೇಳಿದಳು.

"ಬರದೇನ? ದಣದಿರತೇವಿ."

"ಖರೆ ಹೇಳ."

ಲಕ್ಷ್ಮಿಬಾಯಿ ಒಂದು ಗೊನೆ ಅದ್ದಿದಳು. ಇನ್ನೊಂದು ಅದ್ದಿದಳು. ಕೈ ಮೇಲೆತ್ತಿಕೊಂಡೇ ಹೇಳಿದಳು: "ಕೋಳಿ ಕೂಗೂ ಮುಂಚೆ ಎಚ್ಚರ ಆಗತೈತಿ. ಎದಿ ಮ್ಯಾಲ ಬೀಸೂ ಕಲ್ಲ ಇಟ್ಟಂಗ. ಬಾವಿಗೆ ಹೋದಾಗೆಲ್ಲ ಬಗ್ಗಿ ನೋಡತೇನಿ. ಕರದಂಗ ಆಗತೈತಿ ಬೇ. ಅದಕ್ಕ ಮೊಮ್ಮಗಳನ್ನ ಸೊಂಟದ ಮ್ಯಾಲ ಹೊತ್ತಕೊಂಡ ಹೋಗತೇನಿ. ಕೂಸ ಇದ್ರ ಬೀಳಂಗಿಲ್ಲಲ್ಲ."

ಕೆಂಪವ್ವನ ಕೈಯಿಂದ ಔಷಧ ತುಳುಕಿತು. ಇಪ್ಪತ್ತು ವರ್ಷದಿಂದ ಒಂದೇ ಗೋಡೆಯ ಆಚೆ ಈಚೆ ಇದ್ದಾರೆ. ಒಂದೇ ಬಾವಿಯ ನೀರು. ಒಂದು ದಿನವೂ ಈ ಮಾತು ಬಂದಿರಲಿಲ್ಲ.

ಆಚೆ ಸಾಲಿನ ಸಕ್ಕುಬಾಯಿಯನ್ನು ಕೇಳಿದಳು. ಸಕ್ಕುಬಾಯಿ ಮೊದಲು ಉರಿದುಬಿದ್ದಳು. "ನಿನ್ನ ಸೊಸಿ ಹುಚ್ಚಿ ಅಂದ್ರ ಎಲ್ಲಾರೂ ಹುಚ್ಚರೇನ?" ಅಂದಳು. ರೊಟ್ಟಿ ತಿನ್ನುವ ಹೊತ್ತಿಗೆ ತಾನೇ ಬಂದು ಪಕ್ಕದಲ್ಲಿ ಕೂತಳು. ಮಂದಿ ಸೇರಿದಲ್ಲಿ ತನಗೆ ಕೈಕಾಲು ನಡುಗುತ್ತವೆ, ತಂಗಿಯ ಮದುವೆಗೂ ಹೋಗಲಿಲ್ಲ, ಜ್ವರ ಅಂತ ಸುಳ್ಳು ಹೇಳಿದೆ ಅಂದಳು. ಹೇಳಿ ಮುಗಿಸಿ ಕಣ್ಣು ಒರೆಸಿಕೊಂಡು, "ಯಾರ ಮುಂದನೂ ಬಾಯಿ ಬಿಡಬ್ಯಾಡ, ನಿನ್ನ ಕಾಲ ಹಿಡೀತೇನಿ," ಅಂದಳು.

ಇನ್ನೊಬ್ಬಳು ಹೇಳಿದಳು. ಮತ್ತೊಬ್ಬಳು ತನ್ನದಲ್ಲ, ಗಂಡನದು ಹೇಳಿದಳು. ಕುಡಿಯುವುದು ಚಟಕ್ಕಲ್ಲ, ಸಂಜೆಯಾದರೆ ಅಂವಗೆ ಅಂಜಿಕೆ ಬರುತ್ತದೆ ಅಂದಳು. ಹಿರಿಯ ಲಗಮಪ್ಪನ ಸೊಸೆ ಮಾವನದನ್ನು ಹೇಳಿ, ಹೇಳಿದ್ದಕ್ಕೆ ಹೆದರಿ ಕೂತಳು. ಕೆಂಪವ್ವನ ಎಣಿಕೆ ಹತ್ತರಲ್ಲಿ ಒಬ್ಬರು ಎಂಬಲ್ಲಿಂದ ಎಂದೋ ದಾಟಿ ಹೋಗಿತ್ತು. ತನ್ನನ್ನು ಮಾತ್ರ ಅವಳು ಎಣಿಸಿರಲಿಲ್ಲ. ಭರಮು ಹುಟ್ಟಿದ ವರ್ಷದಿಂದ ಅವಳಿಗೂ ಸರಿಯಾಗಿ ನಿದ್ದೆಯಿಲ್ಲ. ಕತ್ತಲಲ್ಲೇ ಎದ್ದು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಾಳೆ. ಓಣಿಯವರು ಅದನ್ನು ಚೊಕ್ಕತನ ಅನ್ನುತ್ತಾರೆ.

ರವಿವಾರ ಸಾವಕಾರರ ವಾಡೆಗೆ ಹೋದಳು. ರಾವಸಾಹೇಬರ ಹೆಂಡತಿ ಕಸ್ತೂರೆವ್ವನ ತಲೆಗೆ ಪ್ರತಿ ರವಿವಾರ ಎಣ್ಣೆ ತಿಕ್ಕುವವಳು ಕೆಂಪವ್ವನೇ. ಕಸ್ತೂರೆವ್ವನಿಗೆ ವಾಯು ಇದೆ ಎಂದು ಊರು ಬಲ್ಲದು. ಜೀಪಿನಲ್ಲಿ ಮಿರಜಿನ ದವಾಖಾನೆಗೆ ಹೋಗಿ ಬರುತ್ತಾರೆ. ಮಾಳಿಗೆಯ ಕೋಣೆ, ಫ್ಯಾನು, ಗಾದಿ. ಅವರು ಮೂರು ದಿನ ಊಟ ಬಿಟ್ಟರೆ ಹುಚ್ಚು ಅನ್ನುವವರಿಲ್ಲ. ಉಪವಾಸ ಅನ್ನುತ್ತಾರೆ.

ಎಣ್ಣೆ ತಿಕ್ಕುತ್ತಾ ಕೆಂಪವ್ವ ಕಿಟಕಿಯ ಕಟ್ಟೆ ನೋಡಿದಳು. ಗುಳಿಗೆಯ ಪಟ್ಟಿ. ಶೇವಂತಾಗೆ ಕೊಟ್ಟದ್ದೂ ಅದೇ ಹಳದಿ ಗುಳಿಗೆ.

"ಅಕ್ಕಾರ, ನಿಮ್ಮದು ವಾಯು ಅಲ್ಲರಿ."

ಕಸ್ತೂರೆವ್ವ ತಿರುಗಲಿಲ್ಲ. "ಅಲ್ಲ," ಅಂದಳು.

"ಹಂಗಿದ್ರ ಒಂದ ಮಾತ ಹೇಳ್ರಿ ಸಾವಕಾರ್ಗೆ. ನನ್ನ ಸೊಸಿ ಕಾಲಿಂದ ಸರಪಳಿ ತಗಸ್ರಿ. ನಿಮಗ ಗೊತ್ತೈತಲ್ಲರಿ ಅದು ಹೆಂಗಿರತೈತಿ ಅಂತ."

"ನಾ ಹೇಳಿದ್ರ ಕೇಳತಾರೇನ ಕೆಂಪವ್ವ?" ಕಸ್ತೂರೆವ್ವ ಬಾಗಿಲಿನ ಕಡೆ ಕೈ ಮಾಡಿದಳು. "ಸಂಜಿಗೆ ಹೊರಗಿಂದ ಕೀಲಿ ಹಾಕತಾರ. ಹಾಕಿ ಜಗ್ಗಿ ನೋಡತಾರ. ಹೋಗತಾರ, ಮತ್ತ ಬಂದು ಜಗ್ಗತಾರ. ಬೆಳತನ ಜಗ್ಗತಾರ. ಅವರಿಗೂ ನಿದ್ದಿಲ್ಲ, ನನಗೂ ನಿದ್ದಿಲ್ಲ."

ಸಾವಕಾರರು ರಾತ್ರಿಯೆಲ್ಲ ಬೀಗ ಜಗ್ಗುತ್ತಾರೆ ಎಂಬುದು ಊರಿಗೆ ಗೊತ್ತಿದ್ದ ತಮಾಷೆ. ಆಸ್ತಿವಂತರು, ಜೋಪಾನ ಮಾಡುತ್ತಾರೆ ಎಂದುಕೊಂಡಿದ್ದರು. ಬೀಗ ಯಾವ ಬಾಗಿಲಿನದು ಎಂದು ಕೆಂಪವ್ವನಿಗೆ ತಿಳಿದದ್ದು ಆಗಲೇ.

"ಯಾರಿಗೂ ಹೇಳಬ್ಯಾಡ," ಅಂದಳು ಕಸ್ತೂರೆವ್ವ.

"ಹೇಳಂಗಿಲ್ಲರಿ," ಅಂದಳು ಕೆಂಪವ್ವ. ಎಣ್ಣೆಯ ಬಟ್ಟಲು ಎತ್ತಿಕೊಂಡು ಮೆಟ್ಟಿಲಿಳಿದಳು. ಅಯ್ಯೋ ಪಾಪ ಅನ್ನಿಸಿತು, ಸಿಟ್ಟೂ ಬಂತು. ಇವರದು ಗಾದಿಯ ಮೇಲಿನ ಸರಪಳಿ, ಶೇವಂತಾಳದು ಹಿಕ್ಕೆಯ ಮೇಲಿನದು. ಇವರ ಕಣ್ಣೀರಿಗೆ ವಾಯು ಎಂಬ ಹೆಸರಾದರೂ ಸಿಕ್ಕಿತು, ಅವಳ ಕಣ್ಣೀರಿಗೆ ಅದೂ ಇಲ್ಲ.

ಮಂಗಳವಾರ ಬಂತು. ಬೆಳಿಗ್ಗೆ ಬಿಸಿನೀರು ಹಿಡಿದುಕೊಂಡು ಕೆಂಪವ್ವ ದೊಡ್ಡಿಗೆ ಹೋದಳು. ಶೇವಂತಾಳ ಕಾಲ ಗಂಟು ಬಾತಿತ್ತು. ಕಬ್ಬಿಣದ ಕೆಳಗೆ ಚರ್ಮ ಕಿತ್ತು ನೊಣ ಕೂತಿದ್ದವು. ತೊಳೆಯಲು ಸರಪಳಿ ಸರಿಸಿದಳು. ದೇವರ ಸರಪಳಿಗೆ ಹೆಂಗಸು ಕೈ ಹಚ್ಚಿದ್ದು ಅದೇ ಮೊದಲು, ಅದು ಅವಳಿಗೆ ನೆನಪೇ ಆಗಲಿಲ್ಲ. ಕೈಗೆ ಏನೋ ಚುಚ್ಚಿತು. ನೋಡಿದಳು. ಸವೆದು ಬಾಯಿ ಬಿಟ್ಟ ಆ ಒಂದು ಕೊಂಡಿಗೆ ಹೊಸ ತಂತಿ ಬಿಗಿದು ಸುತ್ತಿತ್ತು. ದ್ರಾಕ್ಷಿ ಚಪ್ಪರಕ್ಕೆ ಕಟ್ಟುವ ತಂತಿ.

"ಭರಮ್ಯಾ!" ಕೆಂಪವ್ವ ಕೂಗಿದ ಕೂಗಿಗೆ ಕುರಿಗಳು ಚದುರಿದವು. ಓಣಿಯ ಬಾಗಿಲುಗಳೆಲ್ಲ ತೆರೆದವು. "ಇದೇನೋ ಇದು?"

ಭರಮು ತಲೆ ಬಗ್ಗಿಸಿ ನಿಂತ. "ಸನಿವಾರ ಆಕಿ ಕಾಲ ಜಾಡಿಸಿದ್ಲು ಅವ್ವಾ. ಕೊಂಡಿ ಬಿಚ್ಚಿಕೊಂತು. ಸಾವಕಾರ್ಗೆ ಗೊತ್ತಾದ್ರ ಮತ್ತ ಓಣಿ ಮಂದೀಗಿ ಕೆಲಸ ಹೋಗತೈತಿ ಅಂತ..."

"ಬಿಚ್ಚಿಕೊಂತು?" ಕೆಂಪವ್ವ ಕೊಂಡಿಯನ್ನೆತ್ತಿ ತೋರಿಸಿದಳು. "ಬಿಚ್ಚಲಿ ಅಂತನ ಬೇಡಕೊಂಡಿದ್ದೆಲ್ಲೋ! ಮಲ್ಲಯ್ಯ ಬಿಚ್ಚಿದ್ನಲ್ಲೋ! ಛಟ್ಟಿ ತನಕ ಸುದ್ದಾ ಕಾಯಲಿಲ್ಲಲ್ಲೋ ಅಂವ! ದೇವರ ಬಿಚ್ಚಿದ್ದಕ ಸಾವಕಾರನ ತಂತಿ ಸುತ್ತಿದೇನೋ ಬಾಡ್ಯಾ?"

ಭರಮು ಅಲ್ಲೇ ಮಣ್ಣಲ್ಲಿ ಕುಸಿದು ಕೂತ. ಅವನಿಗೆ ಆ ವಿಚಾರ ಹೊಳೆದೇ ಇರಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಕೆಂಪವ್ವ ತಂತಿಗೆ ಕೈ ಹಾಕಿದಳು. ಉಗುರು ಸೀಳಿತು. ಹಲ್ಲಿನಿಂದ ಕಚ್ಚಿ ಎಳೆದಳು. ತುಟಿ ಹರಿಯಿತು. ಸುತ್ತು ಬಿಚ್ಚುತ್ತಾ ಬಂತು. ಲಗಮಪ್ಪ, "ಏ ಕೆಂಪಿ, ಹೆಂಗಸ ಮುಟ್ಟಬಾರದು ಅದನ್ನ!" ಎಂದು ಮುಂದೆ ಬಂದ. ಅವಳು ಒಂದು ಸಲ ಕಣ್ಣೆತ್ತಿ ನೋಡಿದಳು. ಅವನು ಹಾಗೆಯೇ ನಿಂತುಬಿಟ್ಟ. ಕೊನೆಯ ಸುತ್ತು ಬಿಚ್ಚಿದ ಮೇಲೆ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಕೊಂಡಿ ಬಾಯಿ ಬಿಟ್ಟಿತು, ಸರಪಳಿ ಕಾಲಿನಿಂದ ಕಳಚಿ ಕೈಗೆ ಬಂತು. "ಏಳಕೋಟಿ" ಅನ್ನುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಜೀಪು ಬಂತು. ಅದ್ದುವ ಕೆಲಸ ಅವತ್ತು ಮುಗಿಯಬೇಕಿತ್ತು, ಹೊತ್ತೇರಿದರೂ ಒಬ್ಬಳೂ ತೋಟಕ್ಕೆ ಬಂದಿರಲಿಲ್ಲ. ರಾವಸಾಹೇಬರು ಇಳಿದು ದೊಡ್ಡಿಯ ಬಾಗಿಲಲ್ಲಿ ನಿಂತರು.

"ಏನ ತಮಾಷಾ ನಡಸೀರಿ? ಅದಕ ಮತ್ತ ಸರಪಳಿ ಹಾಕ್ರಿ. ಉಳಿದವರು ನಡೀರಿ ತ್ವಾಟಕ್ಕ."

ಕೆಂಪವ್ವ ಸರಪಳಿ ಹಿಡಿದುಕೊಂಡೇ ಎದ್ದಳು. ತುಟಿಯಿಂದ ರಕ್ತ ಇಳಿಯುತ್ತಿತ್ತು.

"ಅದಕ ಅನಬ್ಯಾಡ್ರಿ. ಆಕಿಗೆ ಹೆಸರ ಐತಿ."

"ಹುಚ್ಚಿಗೆ ಎಂಥಾ ಹೆಸರ?"

"ಹಾಕೂನ್ರಿ ಸರಪಳಿ," ಅಂದಳು ಕೆಂಪವ್ವ. "ಯಾರಾರಿಗೆ ಹಾಕೂನು ಹೇಳ್ರಿ. ಮೊದಲ ನನಗ ಹಾಕ್ರಿ. ಇಂವ ಹುಟ್ಟಿದಾಗಿಂದ ನನಗ ನಿದ್ದಿಲ್ಲ, ಗುಡಿಸಿದ್ದನ್ನ ಗುಡಿಸತೇನಿ. ಆಮ್ಯಾಲ?" ಅವಳು ಓಣಿಯ ಕಡೆ ತಿರುಗಿದಳು. ಲಕ್ಷ್ಮಿಬಾಯಿ ನೆಲ ನೋಡಿದಳು. ಸಕ್ಕುಬಾಯಿ ಸೆರಗು ಮುಖಕ್ಕೆ ಎಳೆದುಕೊಂಡಳು. ಲಗಮಪ್ಪ ಬೇರೆ ಕಡೆ ನೋಡಿದ. "ಹೆಸರ ಹೇಳಂಗಿಲ್ಲ. ಮಾತ ಕೊಟ್ಟೀನಿ. ನಿಮ್ಮದು ನಿಮಗ ಗೊತ್ತೈತಿ."

ಯಾರೂ ಮುಂದೆ ಬರಲಿಲ್ಲ. ಇಷ್ಟು ಮಂದಿ ಇದ್ದೂ ಒಬ್ಬರೂ ಇಲ್ಲ!

"ಸಾಕ ಮಾಡ ನಿನ್ನ ಭಾಷಣ," ಅಂದರು ರಾವಸಾಹೇಬರು.

"ಒಂದ ಕೇಳತೇನ್ರಿ ಸಾವಕಾರ್ರ. ರಾತ್ರಿ ಬೀಗ ಎಷ್ಟ ಸಲ ಜಗ್ಗತೀರಿ?"

ರಾವಸಾಹೇಬರ ಬಲಗೈ ತಾನಾಗಿಯೇ ಜೇಬಿಗೆ ಹೋಯಿತು. ಕೀಲಿ ಇದೆಯೇ ಎಂದು ಮುಟ್ಟಿ ನೋಡಿತು. ಹೊರಗೆ ಬಂತು. ಮತ್ತೆ ಹೋಯಿತು. ಓಣಿಯ ಮಂದಿಯೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಅದು ಅವರಿಗೂ ಗೊತ್ತಾಯಿತು, ಆದರೂ ಕೈ ನಿಲ್ಲಲಿಲ್ಲ. ಮೂರನೆಯ ಸಲ ಜೇಬು ಮುಟ್ಟಿದಾಗ ಹಿಂದೆ ಯಾರೋ ಹೆಂಗಸು ಕಿಸಕ್ಕೆಂದಳು.

ಕೆಂಪವ್ವ ನಗಲಿಲ್ಲ. ಹೋಗಿ ಸರಪಳಿಯನ್ನು ಜೀಪಿನ ಮೂತಿಯ ಮೇಲೆ ಇಟ್ಟಳು. "ನಿಮಗೂ ಕಳವಳ ಐತಿ, ನಮಗೂ ಕಳವಳ ಐತಿ. ಇದೊಂದ ಸರಪಳಿ ಊರಿಗೆ ಸಾಲಂಗಿಲ್ಲರಿ. ತಗೊಂಡ ಹೋಗ್ರಿ, ಯಾರಿಗೆ ಹಾಕೂದು ಅಂತ ನಿಮ್ಮ ಮನ್ಯಾಗ ಕುಂತು ವಿಚಾರ ಮಾಡ್ರಿ."

ಸೊಸೆಯ ಕಾಲಿಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಎಬ್ಬಿಸಿದಳು. ಶೇವಂತಾ ಕುಂಟುತ್ತಾ ನಡೆದಳು. ಭರಮು ಎದ್ದು ಇನ್ನೊಂದು ರಟ್ಟೆ ಹಿಡಿಯಲು ಬಂದ. ಶೇವಂತಾ ಕೈ ಕೊಡವಿದಳು. ಅವನು ಹಿಂದೆ ಹಿಂದೆ ಬಂದ, ಆಮೇಲೆ ನಿಂತ.

ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಅತ್ತೆ ಸೊಸೆ ಇಬ್ಬರೇ. ಸ್ವಲ್ಪ ಹೊತ್ತಿಗೆ ಲಕ್ಷ್ಮಿಬಾಯಿ ಬಂದಳು, ಸೊಂಟದ ಮೇಲೆ ಮೊಮ್ಮಗಳು. ಯಾರೂ ಕೇಳದಿದ್ದರೂ ಹಟ ಹಿಡಿದವಳಂತೆ ಹೇಳಿದಳು: "ನಂದ ಹಲ್ಲ ನೋವು. ಅಥಣಿಗೆ ಹೊಂಟೀನಿ."

"ಬಾ," ಅಂದಳು ಕೆಂಪವ್ವ.

ಸಕ್ಕುಬಾಯಿ ಬಂದಳು. ಅವಳಿಗೆ ಕಣ್ಣು ತೋರಿಸುವುದಿತ್ತಂತೆ. ಇನ್ನೊಬ್ಬಳಿಗೆ ಮಂಡಿ ನೋವು. ಮತ್ತೊಬ್ಬಳು ಗಂಡನನ್ನು ಎಳೆದುಕೊಂಡು ಬಂದಳು, ಅವನಿಗೆ ಕೆಮ್ಮಂತೆ. ಲಗಮಪ್ಪ ಕೋಲೂರಿಕೊಂಡು ಬಂದು ದೂರದಲ್ಲಿ ನಿಂತ, ಎಲ್ಲಿಗೆ ಎಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅತ್ತ ತೋಟದಲ್ಲಿ ಔಷಧ ಕಲೆಸಿದ ಡ್ರಮ್ಮು ಹಾಗೆಯೇ ನಿಂತಿತ್ತು. ಔಷಧ ಕಾಣದ ಗೊನೆಗಳು ತೂಗುತ್ತಿದ್ದವು. ಅದ್ದಲು ಒಂದು ಕೈಯೂ ಇರಲಿಲ್ಲ. ಮುಕಾದಮ ಸೈಕಲ್ಲಿನಲ್ಲಿ ಬಂದು ಕೂಗಾಡಿದ. ನಾಳೆಯಿಂದ ಒಬ್ಬರಿಗೂ ಕೆಲಸವಿಲ್ಲ ಅಂದ.

"ನಾಳಿ ಅದ್ದಿದ್ರ ಕಾಯಿ ಬೆಳೀತಾವೇನ?" ಅಂದಳು ಸಕ್ಕುಬಾಯಿ. ಮಂದಿ ಸೇರಿದಲ್ಲಿ ಅವಳು ಬಾಯಿ ಬಿಟ್ಟದ್ದು ಅವತ್ತೇ ಮೊದಲು. ಅವಳ ಕೈ ನಡುಗುತ್ತಲೇ ಇತ್ತು.

ಬಸ್ಸು ಬಂತು. ಎಲ್ಲರೂ ಹತ್ತಿದರು. ಕಂಡಕ್ಟರು ಬಾಪುಸಾಹೇಬ ಆ ದಾರಿಯಲ್ಲಿ ಬಹಳ ವರ್ಷದಿಂದ ಓಡಾಡುವವನು. ಬಾಯಿ ಜೋರು, ನಗೆ ಜೋರು.

"ಏನಬೇ ಕೆಂಪವ್ವ, ಓಣೀನ ಎದ್ದ ಹೊಂಟೈತಿ! ಯಾರದು ಮದಿವಿ?"

"ಮದಿವಿ ಅಲ್ಲ. ದವಾಖಾನಿಗೆ."

"ಎಲ್ಲಾರಿಗೂ ಏನಾಗೇತಿ?"

ಹಲ್ಲು ನೋವಿನವಳು ಕಿಟಕಿಯ ಹೊರಗೆ ನೋಡಿದಳು. ಕೆಂಪವ್ವ ಸೊಸೆಯ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

"ಕಳವಳ," ಅಂದಳು, ಎಲ್ಲರಿಗೂ ಕೇಳುವಂತೆ. "ಎದಿ ಬಡಕೊಳ್ಳೂದು, ನಿದ್ದಿ ಬರಲಾರದ್ದು, ಸುಮ್ಕ ಅಳೂ ಬರೂದು. ನಾವೆಲ್ಲಾ ಅದಕ್ಕ ಹೊಂಟೇವಿ."

ಯಾರೂ ಅಲ್ಲ ಅನ್ನಲಿಲ್ಲ. ಲಕ್ಷ್ಮಿಬಾಯಿ ಮೊಮ್ಮಗಳನ್ನು ಅವುಚಿಕೊಂಡು ಬಿಕ್ಕಿದಳು. ಬಾಪುಸಾಹೇಬನ ನಗೆ ಬಾಯಲ್ಲೇ ಉಳಿಯಿತು. ಟಿಕೀಟು ಹರಿದು ಕೊಟ್ಟ. ಮುಂದೆ ಹೋದ. ತಿರುಗಿ ಬಂದ. ಕೆಂಪವ್ವನ ಸೀಟಿನ ಕಂಬಿ ಹಿಡಿದು ಬಗ್ಗಿ, ಡ್ರೈವರನಿಗೆ ಕೇಳಿಸದಂತೆ ಕೇಳಿದ.

"ಅಲ್ಲೆ... ಗಂಡಸರಿಗೂ ನೋಡತಾರೇನ್ರಿ?"

ಕೆಂಪವ್ವ ಅವನ ಮುಖ ನೋಡಿದಳು. ಕಣ್ಣ ಸುತ್ತ ಕಪ್ಪು ಗುಂಡಿ ಬಿದ್ದಿತ್ತು. ಇಷ್ಟು ವರ್ಷ ಟಿಕೀಟು ತಗೊಂಡಿದ್ದಳು, ಒಂದು ದಿನವೂ ಈ ಮುಖ ನೋಡಿರಲಿಲ್ಲ.

"ನೋಡತಾರ," ಅಂದಳು. "ಸರಪಳಿ ಹಾಕಂಗಿಲ್ಲ. ಗಾಡಿ ನಿಂತ ಮ್ಯಾಲ ನಮ್ಮ ಕೂಡ ಬಾ."